ಅಡಿಕೆ ತೋಟಕ್ಕೆ ಬರುವ ಆಫ್ರಿಕಾದ ಬಸವನಹುಳು: ಗುರುತಿಸಿ, ಹರಡದಂತೆ ತಡೆಯಿರಿ

ಕಡಲತೀರದ ಮರುವಾಯಿ, ಗದ್ದೆಯ ಶಂಖದ ಹುಳು, ತೋಟದ ಬಸವನಹುಳು ಇವೆಲ್ಲವೂ ಮೃದ್ವಂಗಿಗಳೆಂಬ ಒಂದೇ ವರ್ಗಕ್ಕೆ ಸೇರಿದ ಜೀವಿಗಳು. ಇವುಗಳಲ್ಲಿ ಹೆಚ್ಚಿನವುಗಳಿಂದ ರೈತನಿಗೆ ತೊಂದರೆಯಿಲ್ಲ. ಆದರೆ ಹೊರದೇಶದಿಂದ ಬಂದ ಆಫ್ರಿಕಾದ ದೈತ್ಯ ಬಸವನಹುಳು ಹಾಗಲ್ಲ. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಅಡಿಕೆ ತೋಟಗಳ ನೆರಳು, ತೇವ, ಸೊಪ್ಪಿನ ಹಾಸು, ಮುರಕಲ್ಲಿನ ಕಟ್ಟೆಗಳು ಇದಕ್ಕೆ ಹೇಳಿ ಮಾಡಿಸಿದ ನೆಲೆ. ಒಮ್ಮೆ ನೆಲೆಯೂರಿದರೆ ನಿರ್ಮೂಲ ಮಾಡುವುದು ಕಷ್ಟ; ಬರದಂತೆ ತಡೆಯುವುದು ಸುಲಭ.

ಬಂದ ದಾರಿ

ಇದರ ತವರು ಪೂರ್ವ ಆಫ್ರಿಕಾ. 1847ರಲ್ಲಿ ಡಬ್ಲ್ಯು. ಎಚ್. ಬೆನ್ಸನ್ ಎಂಬ ಚಿಪ್ಪುಜೀವಿ ತಜ್ಞರು ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ ಹುಳುಗಳಿಂದ ಭಾರತದಲ್ಲಿ ಇದರ ಸಂತತಿ ಆರಂಭವಾಯಿತು. ಅಮೆರಿಕದ ಫ್ಲಾರಿಡಾದಲ್ಲಿ 1966ರಲ್ಲಿ ಬಾಲಕನೊಬ್ಬ ತಂದ ಮೂರು ಹುಳುಗಳು ಏಳು ವರ್ಷಗಳಲ್ಲಿ 18,000ಕ್ಕೂ ಹೆಚ್ಚಾದವು. ಅವುಗಳ ನಿರ್ಮೂಲನೆಗೆ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಖರ್ಚಾಯಿತು. 2011ರಲ್ಲಿ ಅಲ್ಲಿ ಈ ಹುಳು ಮತ್ತೆ ಕಾಣಿಸಿಕೊಂಡಿತು.

ಗುರುತಿಸುವ ಬಗೆ

ಚಿಪ್ಪು ಉದ್ದವಾಗಿ, ತುದಿ ಚೂಪಾಗಿ, ಗಟ್ಟಿಯಾಗಿರುತ್ತದೆ. ಕಂದು ಬಣ್ಣದ ಮೇಲೆ ಗಾಢ ಕಂದು ಪಟ್ಟೆಗಳಿರುತ್ತವೆ. ಬೆಳೆದ ಹುಳುವಿನ ಚಿಪ್ಪಿನಲ್ಲಿ 7ರಿಂದ 9 ಸುರುಳಿಗಳಿದ್ದು, ಉದ್ದ ಸಾಮಾನ್ಯವಾಗಿ 5ರಿಂದ 10 ಸೆಂ.ಮೀ. ಇರುತ್ತದೆ. ಘಟ್ಟದ ಬುಡದ ಕಾಡುಗಳಲ್ಲಿ ಕಾಣುವ, ಕೆಂಪು ಅಥವಾ ಕಿತ್ತಳೆ ಮೈಯ, ದುಂಡನೆಯ ತೆಳು ಚಿಪ್ಪಿನ ಬಸವನಹುಳು ನಮ್ಮ ನಾಡಿನದೇ. ಅದನ್ನು ಕೊಲ್ಲಬಾರದು.

ಜೀವನಕ್ರಮ

ಪ್ರತಿ ಹುಳುವಿನಲ್ಲೂ ಗಂಡು, ಹೆಣ್ಣು ಎರಡೂ ಅಂಗಗಳಿರುವುದರಿಂದ ಪ್ರತಿಯೊಂದೂ ಮೊಟ್ಟೆಯಿಡಬಲ್ಲದು. ಒಮ್ಮೆ ಕೂಡಿದ ಹುಳು ವೀರ್ಯವನ್ನು ದೇಹದಲ್ಲಿ ಕಾಯ್ದಿಟ್ಟುಕೊಂಡು ಹಲವು ಬಾರಿ ಮೊಟ್ಟೆಯಿಡುತ್ತದೆ. ಆದುದರಿಂದ ಹೊಸ ತೋಟವನ್ನು ಕೆಡಿಸಲು ಒಂದೇ ಹುಳು ಸಾಕು. ತೇವದ ಮಣ್ಣಿನಲ್ಲಿ, ತರಗೆಲೆಯ ಅಡಿಯಲ್ಲಿ ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಇಡುತ್ತದೆ. ಮೊಟ್ಟೆಗಳು ತಿಳಿ ಹಳದಿ ಬಣ್ಣದವು. ಗಾತ್ರ ಸುಮಾರು 5 ಮಿ.ಮೀ. ಒಣ ಹವೆಯಲ್ಲಿ ಹುಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ಕಟ್ಟೆಯ ಸಂದುಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನೀರಾವರಿ ತೋಟದಲ್ಲಿ ಬೇಸಗೆಯಲ್ಲೂ ಚುರುಕಾಗಿರಬಹುದು.

ಹಾನಿ

ಹಗಲು ಅಡಗಿದ್ದು ರಾತ್ರಿ ಮೇಯುತ್ತದೆ. ಅಡಿಕೆ ಸಸಿ, ಎಳೆ ಹಿಂಗಾರ, ಬಾಳೆ, ಪಪ್ಪಾಯಿ, ಕೊಕ್ಕೊ, ಕಾಳುಮೆಣಸು, ವೀಳ್ಯದೆಲೆ, ತರಕಾರಿ ಯಾವುದನ್ನೂ ಬಿಡುವುದಿಲ್ಲ. ಇಲಿಗಳಲ್ಲಿ ವಾಸಿಸುವ ಒಂದು ಜಂತು ಈ ಹುಳುವಿನ ಮೂಲಕ ಮನುಷ್ಯನಿಗೆ ತಗಲಿ ಮಿದುಳಿನ ಪೊರೆಗೆ ಉರಿಯೂತ ತರಬಹುದು. ಬರಿಗೈಯಲ್ಲಿ ಮುಟ್ಟಬಾರದು. ಹಸಿ ತರಕಾರಿಯನ್ನು ಚೆನ್ನಾಗಿ ತೊಳೆದು ತಿನ್ನಬೇಕು.

ಹರಡದಂತೆ ತಡೆ

1. ನರ್ಸರಿಯಿಂದ ತಂದ ಸಸಿಯ ಚೀಲ, ಮಣ್ಣು, ಎಲೆಯಡಿ ಪರೀಕ್ಷಿಸಿ ನೆಡಬೇಕು.
2. ಹುಳುವಿರುವ ಊರಿನಿಂದ ಗೊಬ್ಬರ, ಮಣ್ಣು, ಮರಳು, ಬಾಳೆಕಂದು, ಮುರಕಲ್ಲು ತರುವಾಗ ಎಚ್ಚರ ಬೇಕು. ಲಾರಿಯ ಅಡಿಭಾಗವನ್ನೂ ನೋಡಬೇಕು.
3. ಮಕ್ಕಳು ಆಟಕ್ಕೆಂದು ಕೊಂಡೊಯ್ಯದಂತೆ ಶಾಲೆಯಲ್ಲಿಯೂ ತಿಳಿಸಬೇಕು.
4. ಹಿಡಿದ ಹುಳುವನ್ನು ರಸ್ತೆಗೆ, ತೋಡಿಗೆ ಎಸೆಯಬಾರದು.

ಹತೋಟಿ ಕ್ರಮ

ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ಹುಳುಗಳು ಹೊರಬರುತ್ತವೆ. ಅವು ಮೊಟ್ಟೆಯಿಡುವ ಮೊದಲೇ ಆರಿಸುವುದು ಎಲ್ಲಕ್ಕಿಂತ ಉತ್ತಮ ಉಪಾಯ. ಸಂಜೆ ಅಲ್ಲಲ್ಲಿ ಒದ್ದೆ ಗೋಣಿಚೀಲ ಹಾಸಿ, ಅದರಡಿ ಪಪ್ಪಾಯಿ ಎಲೆ ಅಥವಾ ಎಲೆಕೋಸಿನ ಚೂರುಗಳನ್ನಿಡಬೇಕು. ಮುಂಜಾನೆ ಅಡಿಯಲ್ಲಿ ಸೇರಿದ ಹುಳುಗಳನ್ನು ಕೈಗವಸು ಹಾಕಿ ಆರಿಸಿ, ಬಕೆಟ್ಟಿನ ದಟ್ಟ ಉಪ್ಪುನೀರಿನಲ್ಲಿ ಮುಳುಗಿಸಿ ಕೊಲ್ಲಬೇಕು. ಆ ಮೇಲೆ ನೀರು ಬಸಿದು, ತೋಟದ ಹೊರಗೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಉಪ್ಪನ್ನು ಮರದ ಬುಡಕ್ಕೆ ಎರಚಿದರೆ ಬೇರಿಗೆ ಕೇಡು.

ತಾಮ್ರದ ಅಂಶವನ್ನು ಈ ಹುಳು ಸಹಿಸದು. ಆದ್ದರಿಂದ ಕಾಂಡದ ಬುಡಕ್ಕೆ ಬಳಿದ ಬೋರ್ಡೋ ಮುಲಾಮಿನ ಪಟ್ಟಿ ಅದು ಮರವೇರುವುದನ್ನು ತಡೆಯಲು ಸಹಾಯಕ. ಹಾವಳಿ ವಿಪರೀತವಾದಾಗ ಮಾತ್ರ ಶೇ. 2.5ರ ಮೆಟಾಲ್ಡಿಹೈಡ್ ಗುಳಿಗೆಗಳನ್ನು ಚೀಟಿಯಲ್ಲಿರುವ ಪ್ರಮಾಣದಲ್ಲಿ ಬಳಸಬಹುದು. ಇದು ನಾಯಿ, ದನಗಳಿಗೆ ವಿಷ; ಅವು ಸುಳಿಯದ ಕಡೆಯಲ್ಲೇ ಇಡಬೇಕು.

ಒಬ್ಬರ ತೋಟ ಶುದ್ಧವಾಗಿ ನೆರೆಯ ತೋಟದಲ್ಲಿ ಹುಳು ಉಳಿದರೆ ಶ್ರಮವೆಲ್ಲ ವ್ಯರ್ಥ. ಗ್ರಾಮದವರೆಲ್ಲ ಒಂದೇ ವಾರ ಕೂಡಿ ಆರಿಸಬೇಕು. ಮಳೆಗಾಲ ಮುಗಿಯುವ ತನಕ ಮುಂದುವರಿಸಬೇಕು. ಸಂಶಯದ ಹುಳು ಕಂಡರೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರಕ್ಕೆ ತಿಳಿಸುವುದು ಒಳ್ಳೆಯದು.