ಮನೆಯಷ್ಟು ಗಾಡಿ, ಮರುಭೂಮಿಯ ಹಾದಿ

ತಮ್ಮಾ,

ದೊಡ್ಡ ಕ್ಯಾರವಾನ್ ಬಾಡಿಗೆಗೆ ಹಿಡಿದು, ಅಮೆರಿಕದಿಂದ ಬರುವ ಅಕ್ಕನ ಸಂಸಾರವನ್ನೂ ಕೂಡಿಸಿಕೊಂಡು, ಎಂಟು ಮಂದಿ ಬೀದರದಿಂದ ಜೈಸಲ್ಮೇರ್ ತನಕ ಹೋಗಿಬರುವವರಿದ್ದೀರಂತೆ. ನೀನು ಕಳಿಸಿದ ಪಟ್ಟಿ ಓದಿದೆ. ಸೊಲ್ಲಾಪುರದ ಹತ್ತಿರದ ನಾನಜ್, ಗುಜರಾತಿನ ವೇಳಾವದರ್, ಕಛ್‌ನ ಚಿಕ್ಕ ರಣ, ಕೊನೆಗೆ ಥಾರ್‌ನ ಮರುಭೂಮಿ ರಾಷ್ಟ್ರೀಯ ಉದ್ಯಾನ. ಜಾಗಗಳನ್ನು ಛಲೋ ಆರಿಸಿದ್ದೀ. ಎಲ್ಲರೂ ಹಸಿರು ಹುಡುಕಿ ಕೊಡಗಿಗೆ ಓಡುವ ಕಾಲದಲ್ಲಿ ಬಯಲು ನೋಡಬೇಕು ಅನ್ನಿಸಿದ್ದೇ ನನಗೆ ಖುಷಿ. ಆದರೆ ಹನ್ನೆರಡು ದಿನ ಅಂತ ಬರೆದಿದ್ದೀಯಲ್ಲ, ಅದು ಕಾರಿನ ಲೆಕ್ಕ. ಗಾಡಿ ಬದಲಾದರೆ ಲೆಕ್ಕವೂ ಬದಲಾಗಬೇಕು. ಸ್ಟಿಯರಿಂಗ್ ಹಿಡಿದೇ ಹೊಟ್ಟೆ ಹೊರೆದವನು ನಾನು, ಅದಕ್ಕೇ ಇಷ್ಟು ಸಲಿಗೆಯಿಂದ ಹೇಳುತ್ತಿದ್ದೇನೆ.

ಹೋಗಿಬರುವ ಹಾದಿ ಮೂರು ಸಾವಿರ ಕಿಲೋಮೀಟರ್ ಮೀರುತ್ತದೆ. ಆ ಗಾತ್ರದ ಗಾಡಿ ದಿನಕ್ಕೆ 250 ಕಿ.ಮೀ. ಹೋದರೆ ಸಾಕು, ಅದರ ಮೇಲೆ ಆಸೆ ಪಡಬೇಡ. ಹಾಗೆ ಹಿಡಿದರೆ ಬರೀ ಓಡಿಸುವುದಕ್ಕೇ ಹನ್ನೆರಡು ದಿನ ಮುಗಿದು ಹೋಗುತ್ತವೆ. ನೋಡುವುದು ಯಾವಾಗ? ರಜೆ ಹೆಚ್ಚಿಸು, ಇಲ್ಲವೇ ಪಟ್ಟಿಗೆ ಕತ್ತರಿ ಹಾಕು. ನನ್ನನ್ನು ಕೇಳಿದರೆ ಈ ಸಲ ವೇಳಾವದರ್ ಮತ್ತು ರಣ ಮುಗಿಸಿ ತಿರುಗಿ ಬಾ. ಜೈಸಲ್ಮೇರಿಗೆ ಇನ್ನೊಂದು ವರ್ಷ ಜೋಧಪುರದ ತನಕ ರೈಲಿನಲ್ಲಿ ಹೋಗಿ, ಅಲ್ಲೇ ಗಾಡಿ ಹಿಡಿ. ಕೇಳುವುದಿಲ್ಲ ಅಂತ ಗೊತ್ತು. ಅದಕ್ಕೇ ಮುಂದಿನ ಮಾತು.

ಊರು ಬಿಡುವ ಮುಂಚೆ ಆ ಗಾಡಿಯನ್ನು ನಮ್ಮ ನೆಲದಲ್ಲೇ ಒಂದು ಸುತ್ತು ತಿರುಗಿಸು. ಬೀದರದಿಂದ ಭಾಲ್ಕಿ, ಭಾಲ್ಕಿಯಿಂದ ಮಾಂಜ್ರಾ ದಾಟಿ ಔರಾದ, ಔರಾದದಲ್ಲಿ ನಮ್ಮ ಹೊಲದ ಅಂಚಿಗೆ ಒಂದು ರಾತ್ರಿ, ಮರುದಿನ ವಾಪಸ್ಸು ಬೀದರ. ನೂರು ಕಿಲೋಮೀಟರ್ ಮೀರುವ ಸುತ್ತು, ಅಷ್ಟೇ. ಆದರೆ ಥಾರ್‌ನಲ್ಲಿ ಕಲಿಯಬೇಕಾದ ಮುಕ್ಕಾಲು ಪಾಠ ಇಲ್ಲೇ ಸಿಗುತ್ತದೆ, ಅದೂ ಮೆಕ್ಯಾನಿಕ್ ಕೂಗಳತೆಯಲ್ಲಿ ಇರುವಾಗ. ಮಲಗುವ ಪಲ್ಲಂಗ ಎಷ್ಟು ಅಂತ ಎಣಿಸಿದ್ದೀ, ಸೀಟ್‌ಬೆಲ್ಟ್ ಎಷ್ಟು ಅಂತ ಎಣಿಸಿಲ್ಲ. ಗಾಡಿ ಓಡುವಾಗ ಎಂಟು ಮಂದಿಗೂ ಬೆಲ್ಟ್ ಇರುವ ಸೀಟು ಬೇಕು. ಪಲ್ಲಂಗದ ಮೇಲೆ ಮಕ್ಕಳು, ಒಲೆ ಮುಂದೆ ನಿನ್ನ ಹೆಂಡತಿ, ಇದು ನಡೆಯುವುದಿಲ್ಲ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದಾಗದೆ ಚಕ್ರ ತಿರುಗಬಾರದು.

ಸುತ್ತು ಹೊರಟ ದಿನ ಟೇಪು ಹಿಡಿದು ಗಾಡಿಯ ಎತ್ತರ ಅಳೆ. ಕಂಪನಿ ಕಾಗದದಲ್ಲಿ ಬರೆದದ್ದಲ್ಲ, ಮೇಲೆ ಕೂಡಿಸಿದ ಎ.ಸಿ., ಸೋಲಾರ್ ಹಲಗೆ, ಲಗೇಜು ಎಲ್ಲ ಸೇರಿ. ಅದನ್ನು ಮೀಟರಿನಲ್ಲೂ ಅಡಿಯಲ್ಲೂ ಕಾಗದದ ಮೇಲೆ ಬರೆದು ಸ್ಟಿಯರಿಂಗ್ ಎದುರಿಗೇ ಅಂಟಿಸು. ಬೀದರದ ಹಳೇ ಊರಿನ ಫತೇ ದರ್ವಾಜಾ, ಶಾಹಗಂಜ್ ದರ್ವಾಜಾ ಕಡೆಗೆ ಅದನ್ನು ಒಯ್ಯಬೇಡ. ಮದರಸಾ, ಕೋಟೆ ತೋರಿಸುವುದಿದ್ದರೆ ಗಾಡಿ ಹೊರಗೆ ನಿಲ್ಲಿಸಿ ಆಟೋ ಹಿಡಿ. ರೈಲ್ವೆ ಕೆಳಸೇತುವೆ, ಹಳ್ಳಿಗಳಲ್ಲಿ ಜೋತುಬಿದ್ದ ಕರೆಂಟಿನ ತಂತಿ, ಪೆಟ್ರೋಲ್ ಬಂಕಿನ ಚಾವಣಿ, ಇವು ಮೂರೂ ಮುಂದೆ ನಾಲ್ಕು ರಾಜ್ಯದ ತನಕ ನಿನ್ನ ಬೆನ್ನು ಬಿಡುವುದಿಲ್ಲ. ಮೊಬೈಲಿನ ನಕ್ಷೆಗೆ ನಿನ್ನ ಗಾಡಿಯ ಎತ್ತರ ತಿಳಿಯದು. ಅದು ಹತ್ತಿರದ ಹಾದಿ ತೋರಿಸುತ್ತದೆ, ನೀನು ಅಗಲದ ಹಾದಿ ಹುಡುಕಬೇಕು.

ಭಾಲ್ಕಿ ಹಾದಿಯಲ್ಲಿ ಇನ್ನೊಂದು ಕಲಿಯುತ್ತೀ. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ನಡುರಸ್ತೆಯಲ್ಲಿ ಇರುತ್ತವೆ. ಹಿಂದೆ ದೀಪ ಇರುವುದು ಅಪರೂಪ. ಮುಂದೆ ರಸ್ತೆಗೆ ಅಡ್ಡ ಬರುವುದು ಗುಜರಾತಿನಲ್ಲಿ ನೀಲಗಾಯಿ, ರಾಜಸ್ಥಾನದಲ್ಲಿ ಒಂಟೆ, ಎಲ್ಲ ಕಡೆ ದನ. ಅದಕ್ಕೇ ರಾತ್ರಿ ಓಡಿಸುವುದು ಬೇಡವೇ ಬೇಡ. ಬೆಳಗಿನ ಆರಕ್ಕೆ ಹೊರಡು, ಮಧ್ಯಾಹ್ನ ಒಂದಕ್ಕೆ ನಿಲ್ಲಿಸು. ಮೂರು ದಿನ ಓಡಿದರೆ ಒಂದು ದಿನ ಗಾಡಿ ಅಲುಗಾಡಬಾರದು.

ಟೈರಿನ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಯಾಕೆಂದರೆ ಬಾಡಿಗೆ ಕೊಡುವವರು ಅದನ್ನು ಹೇಳುವುದಿಲ್ಲ. ಕ್ಯಾರವಾನ್ ಅಂದರೆ ವರ್ಷದಲ್ಲಿ ಬಹಳ ದಿನ ನಿಂತಲ್ಲೇ ನಿಲ್ಲುವ ಗಾಡಿ. ಟೈರ್ ಸವೆದಿರುವುದಿಲ್ಲ, ಹೊಸದರ ಹಾಗೆ ಕಾಣುತ್ತದೆ, ಆದರೆ ಬಿಸಿಲಿಗೆ ರಬ್ಬರ್ ಒಳಗೊಳಗೇ ಒಣಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2219 ಅಂತ ಇದ್ದರೆ 2019ರ ಇಪ್ಪತ್ತೆರಡನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ಟೈರ್ ಹಾಕಿಕೊಂಡು ಮರುಭೂಮಿಗೆ ಹೋಗಬೇಡ, ಬದಲಿಸಿ ಕೊಡಿ ಅಂತ ಪಟ್ಟು ಹಿಡಿ. ಗಾಳಿಯನ್ನು ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ, ಟೈರ್ ತಣ್ಣಗಿದ್ದಾಗಲೇ ಅಳೆಯಬೇಕು. ಮಧ್ಯಾಹ್ನ ಕಾದಾಗ ಒತ್ತಡ ಏರುವುದು ಸಹಜ; ಅದನ್ನು ನೋಡಿ ಹೆದರಿ ಗಾಳಿ ಬಿಟ್ಟರೆ ಟೈರ್ ಇನ್ನಷ್ಟು ಕಾದು ಸಿಡಿಯುತ್ತದೆ.

ಇನ್ನು ಔರಾದದಲ್ಲಿ ತಂಗಿದ ರಾತ್ರಿ ನೀರಿನ ಲೆಕ್ಕ ನೋಡು. ಟ್ಯಾಂಕಿನಲ್ಲಿ 200 ಲೀಟರ್ ಇದೆ ಅಂತ ಇಟ್ಟುಕೊಳ್ಳೋಣ. ಕುಡಿಯಲು, ಅಡುಗೆಗೆ ತಲೆಗೆ 5 ಲೀಟರ್ ಹಿಡಿದರೂ ಎಂಟು ಮಂದಿಗೆ 40. ಎಲ್ಲರೂ 15 ಲೀಟರಿನಲ್ಲಿ ಮೈ ತೊಳೆದರೆ ಇನ್ನೂ 120. ಪಾತ್ರೆ, ಶೌಚ ಸೇರಿದರೆ ಮರುದಿನ ಬೆಳಗಿಗೆ ಟ್ಯಾಂಕು ಖಾಲಿ. ತುಂಬಿದ ಟ್ಯಾಂಕು 200 ಕಿಲೋ ಭಾರ ಅನ್ನುವುದೂ ನೆನಪಿರಲಿ. ನಾಸಿಕದಿಂದ ಗುಜರಾತಿಗೆ ಇಳಿಯುವ ಘಾಟಿನಲ್ಲಿ ಆ ಭಾರ ಬ್ರೇಕಿನ ಮೇಲೆ ಕೂತಿರುತ್ತದೆ. ಸಣ್ಣ ಗೇರಿನಲ್ಲಿ ಇಳಿ, ಬ್ರೇಕು ತುಳಿದುಕೊಂಡೇ ಇಳಿಯಬೇಡ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೋ. ವಾರಗಟ್ಟಲೆ ಕೆಡುವುದಿಲ್ಲ, ಪಾತ್ರೆ ತೊಳೆಯುವ ನೀರು ಉಳಿಯುತ್ತದೆ.

ಟ್ಯಾಂಕು ತುಂಬಿಸುವುದು ಪೇಟೆಯಲ್ಲೇ ಆಗಬೇಕು, ದುಡ್ಡು ಕೊಟ್ಟು. ಜೈಸಲ್ಮೇರ್, ಬಾರ್ಮೇರ್ ಕಡೆಯ ಹಳ್ಳಿಗಳಲ್ಲಿ ಮನೆ ಮುಂದೆ ನೆಲದೊಳಗೆ ತೊಟ್ಟಿ ಕಟ್ಟಿರುತ್ತಾರೆ, ಟಾಂಕಾ ಅನ್ನುತ್ತಾರೆ. ಮಳೆಗಾಲದಲ್ಲಿ ಹಿಡಿದಿಟ್ಟ ಆ ನೀರಿನ ಮೇಲೆ ಮನೆಯವರು ತಿಂಗಳುಗಟ್ಟಲೆ ಬದುಕುತ್ತಾರೆ. ಕುಡಿಯಲು ಕೇಳಿದರೆ ಎರಡು ಚೊಂಬು ಹೆಚ್ಚೇ ಕೊಟ್ಟಾರು. ಪೈಪು ಹಚ್ಚಿ ಗಾಡಿ ತುಂಬಿಸಿಕೊಳ್ಳಲು ಕೇಳಬಾರದು. ಟ್ಯಾಂಕರ್ ಬರುವ ದಾರಿ ಕಾಯುತ್ತ ಕೊಡ ಸಾಲಿಗೆ ಇಟ್ಟ ಊರಿನವರು ನಾವು, ಇದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ಹೊರಡುವ ಮುಂಚೆ ಮಕ್ಕಳಿಗೆ ಬೀದರದ ನೌಬಾದಿನ ಕರೇಜ್ ತೋರಿಸು. ಹದಿನೈದನೇ ಶತಮಾನದಲ್ಲಿ, ಬಹಮನಿಯರ ಕಾಲದಲ್ಲಿ, ಇರಾನಿನ ವಿದ್ಯೆ ತಂದು ಜಂಬಿಟ್ಟಿಗೆ ಕಲ್ಲಿನೊಳಗೆ ಸುರಂಗ ಕೊರೆದು ನೀರು ಹರಿಸಿದ್ದು. ಅದೇ ಶತಮಾನದಲ್ಲಿ ಜೈಸಲ್ಮೇರಿನ ಪಾಲಿವಾಲ್ ಬ್ರಾಹ್ಮಣರು ಮಳೆನೀರಿಗೆ ಒಡ್ಡು ಹಾಕಿ, ಇಂಗಿದ ತೇವದಲ್ಲೇ ಬೆಳೆ ತೆಗೆಯುವ ಖಡೀನ್ ಹೊಲ ಕಟ್ಟಿದರು. ಇಲ್ಲಿ ಕರೇಜ್, ಅಲ್ಲಿ ಖಡೀನ್ ಎರಡನ್ನೂ ನೋಡಿದರೆ ಸಮ್‌ನ ಮರಳುದಿಬ್ಬದ ಮೇಲೆ ತೆಗೆಸಿಕೊಳ್ಳುವ ನೂರು ಫೋಟೋಗಿಂತ ಮಕ್ಕಳಿಗೆ ಹೆಚ್ಚು ಸಿಕ್ಕಿತು ಅಂತ ನನ್ನ ಅಭಿಪ್ರಾಯ.

ಬಳಸಿದ ನೀರು ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಮೊದಲೇ ಗೊತ್ತುಮಾಡಿಕೋ. ನಿನ್ನ ಅಕ್ಕ ಅಮೆರಿಕದ ಅನುಭವ ಹೇಳುತ್ತಾಳೆ: ಅಲ್ಲಿ ಮೋಟರ್‌ಹೋಮ್ ನಿಲ್ಲಲೆಂದೇ ಜಾಗ, ಕರೆಂಟು, ಮಲಿನ ನೀರು ಸುರಿಯುವ ಗುಂಡಿ. ನಮ್ಮಲ್ಲಿ ಅಂಥದ್ದು ಕೈಬೆರಳಲ್ಲಿ ಎಣಿಸುವಷ್ಟು. ಹೋಟೆಲ್, ಧರ್ಮಶಾಲೆಯವರನ್ನು ಕೇಳಿ ಅವರ ಶೌಚದ ಗುಂಡಿಗೇ ಸುರಿ; ಹುಲ್ಲುಗಾವಲಿಗೆ, ಹಳ್ಳಕ್ಕೆ ಬಿಡಬೇಡ. ಆ ಅಮೆರಿಕದಲ್ಲೂ ದೊಡ್ಡ ಗಾಡಿ ಎಲ್ಲ ಕಡೆ ನುಗ್ಗುವುದಿಲ್ಲ. ಝಯನ್ ಉದ್ಯಾನದ 1930ರ ಸುರಂಗದಲ್ಲಿ ಮೋಟರ್‌ಹೋಮ್ ದಾಟಿಸಲು ಎದುರಿನ ವಾಹನಗಳನ್ನು ತಡೆದು ನಿಲ್ಲಿಸುವ ಪದ್ಧತಿ ವರ್ಷಗಟ್ಟಲೆ ನಡೆದಿದೆ.

ರಾತ್ರಿ ಎ.ಸಿ. ಹಾಕಿ ಮಲಗುತ್ತೇವೆ ಅಂದೆಯಲ್ಲ, ಅದನ್ನೂ ಔರಾದದಲ್ಲೇ ಪರೀಕ್ಷೆ ಮಾಡು. ಒಂದೂವರೆ ಕಿಲೋವ್ಯಾಟ್ ಎಳೆಯುವ ಎ.ಸಿ.ಗೆ 5 ಯೂನಿಟ್ಟಿನ ಬ್ಯಾಟರಿ ಮೂರು ತಾಸು ತಾಳಿದರೆ ಹೆಚ್ಚು. ಎ.ಸಿ. ಬೇಡದ ಕಾಲದಲ್ಲಿ ಹೋಗುವುದೇ ಉಪಾಯ. 2016ರ ಮೇ 19ರಂದು ರಾಜಸ್ಥಾನದ ಫಲೋದಿಯಲ್ಲಿ 51 ಡಿಗ್ರಿ ಬಿಸಿಲು ಬಿತ್ತು, ದೇಶದ ದಾಖಲೆ ಅದು. ಮಕ್ಕಳ ಬೇಸಿಗೆ ರಜೆ ಅನ್ನುವ ಯೋಚನೆಯನ್ನೇ ಬಿಡು. ಎಳ್ಳಮಾಸಿಗೆ ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಉಂಡು ಚರಗ ಚೆಲ್ಲಿ ಹೊರಟರೆ ಕಾಲ ಸರಿಯಾಗಿ ಕೂಡುತ್ತದೆ. ರಗ್ಗು ಮಾತ್ರ ಮರೆಯಬೇಡ, ಥಾರ್‌ನ ಜನವರಿ ರಾತ್ರಿ ನಮ್ಮ ಬೀದರದ ಚಳಿಯನ್ನೂ ಮೀರಿಸುತ್ತದೆ. ಗುಜರಾತಿನ ಧಾಮಗಳು ಜೂನ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ ಮುಚ್ಚಿರುತ್ತವೆ. ಆಗ ರಣದಲ್ಲಿ ನೀರು. ನೀರು ಇಂಗಿದ ಮೇಲೂ ಅಲ್ಲಿಯ ನೆಲವನ್ನು ನಂಬುವ ಹಾಗಿಲ್ಲ. ಮೇಲೆ ಉಪ್ಪಿನ ಹೊಪ್ಪಳಿಕೆ, ಕೆಳಗೆ ಕೆಸರು, ಹಾಲಿನ ಕೆನೆಯ ಮೇಲೆ ಕಲ್ಲು ಇಟ್ಟಂತೆ ನಿನ್ನ ಗಾಡಿ ಇಳಿದುಬಿಡುತ್ತದೆ. ಪಾಟಡಿಯಲ್ಲೋ ದಸಾಡಾದಲ್ಲೋ ಕ್ಯಾರವಾನ್ ನಿಲ್ಲಿಸಿ ಅಲ್ಲಿಯ ಜೀಪು, ಅಲ್ಲಿಯ ಚಾಲಕನನ್ನು ಹಿಡಿ. ಕಾಡುಕತ್ತೆಯ ಹಿಂಡು ತೋರಿಸುವುದೂ ಅವನೇ, ಉಪ್ಪು ತೆಗೆಯುವ ಅಗರಿಯಾರ ಗುಡಿಸಲ ಹಾದಿ ಗೊತ್ತಿರುವುದೂ ಅವನಿಗೇ.

ಎಲ್ಲ ಉದ್ಯಾನಕ್ಕೂ ಇದೇ ಮಾತು. ಗಾಡಿಯನ್ನು ಮನೆ ಅಂತ ತಿಳಿ, ಕಾಲು ಅಂತ ತಿಳಿಯಬೇಡ. ವೇಳಾವದರ್ 34 ಚದರ ಕಿಲೋಮೀಟರಿನ ಪುಟ್ಟ ಹುಲ್ಲುಗಾವಲು, 1976ರಲ್ಲಿ ಉದ್ಯಾನವಾಯಿತು. ಕೃಷ್ಣಮೃಗ, ತೋಳ, ಚಳಿಗಾಲದಲ್ಲಿ ಹುಲ್ಲಿನಲ್ಲಿ ರಾತ್ರಿ ಕಳೆಯಲು ಇಳಿಯುವ ಸೆಳೆವ (ಹ್ಯಾರಿಯರ್) ಹಕ್ಕಿಗಳ ಗುಂಪು. ಡೀಸೆಲ್ ಮನೆಯೊಂದು ಗುಡುಗುಡು ಅಂತ ಬಂದರೆ ಅಲ್ಲಿ ಏನು ಉಳಿದೀತು? ಹುಲ್ಲುಗಾವಲಿನ ಶಿಸ್ತನ್ನೂ ಬೀದರದ ಹೊನ್ನಿಕೇರಿ ಕಡೆ ಬೆಳಗಿನ ಜಾವ ಹೋಗಿ ಕಲಿ. ನಮ್ಮ ಕೃಷ್ಣಮೃಗಗಳೂ ಇವೆಯಲ್ಲ! ರಸ್ತೆ ಬಿಡದೆ, ಮಾತಾಡದೆ, ದುರ್ಬೀನು ಹಿಡಿದು ಅರ್ಧ ತಾಸು ಕೂತುಕೊಳ್ಳಲು ಮಕ್ಕಳಿಗೆ ಬಂದರೆ ಅವರು ಮುಂದಿನದಕ್ಕೆ ತಯಾರಾದ ಹಾಗೆ.

ನಾನಜ್ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಾಗಿ ಮಾಡಿದ ಧಾಮ. ಈಗ ಅಲ್ಲಿ ಆ ಹಕ್ಕಿ ಕಾಣುವ ಭರವಸೆ ಇಟ್ಟುಕೊಳ್ಳಬೇಡ. ಅದರ ಕೊನೆಯ ದೊಡ್ಡ ಆಸರೆ ಮರುಭೂಮಿ ಉದ್ಯಾನ ಮತ್ತು ಅದರ ಆಸುಪಾಸು. 3,162 ಚದರ ಕಿಲೋಮೀಟರ್, ಒಳಗೆ ಊರುಗಳಿವೆ, ಹೊಲಗಳಿವೆ. ದೇಶದಲ್ಲಿ ಉಳಿದಿರುವ ಎರೆಭೂತಗಳು ನೂರೈವತ್ತರ ಆಸುಪಾಸು. ಭಾರದ ಮೈ, ಎದುರಿನದನ್ನು ಚುರುಕಾಗಿ ಕಾಣದ ಕಣ್ಣು. ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತವೆ. ಅದರ ಸಲುವಾಗಿ ಸುಪ್ರೀಂ ಕೋರ್ಟಿನ ತನಕ ವ್ಯಾಜ್ಯ ಹೋಗಿ 2021ರಲ್ಲಿ ಆದೇಶ, 2024ರಲ್ಲಿ ಅದಕ್ಕೆ ತಿದ್ದುಪಡಿ ಆಗಿದೆ. ಮರುಭೂಮಿ ಉದ್ಯಾನದೊಳಗಿನ ಸುದಾಸರಿಯ ಕಡೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆ. ಅಕ್ಕನ ಮಕ್ಕಳ ಹತ್ತಿರ ಅಮೆರಿಕದ ಪಾಸ್‌ಪೋರ್ಟು ಇದೆಯಲ್ಲ, ಗಡಿಭಾಗದಲ್ಲಿ ವಿದೇಶಿಯರಿಗೆ ಬೇರೆ ನಿಯಮ. ಜೈಸಲ್ಮೇರಿನ ಜಿಲ್ಲಾಡಳಿತದಲ್ಲಿ ವಿಚಾರಿಸದೆ ಪಶ್ಚಿಮಕ್ಕೆ ತಿರುಗಬೇಡ. ಅಲ್ಲಿ ಡಾಂಬರು ಬಿಟ್ಟು ಒಂದು ಚಕ್ರವನ್ನೂ ಕೆಳಗೆ ಇಳಿಸಬೇಡ, ರಸ್ತೆಯ ಅಂಚೂ ಮರಳೇ. ಇಳಿದು ಹೂತರೆ ಆಕ್ಸಿಲರೇಟರ್ ಒತ್ತಬೇಡ. ಟೈರಿನ ಗಾಳಿ ಇಳಿಸಿ, ಮುಂದಿನ ಮರಳು ತೋಡಿ, ಹಲಗೆ ಕೊಟ್ಟು ಮೆಲ್ಲಗೆ ಹೊರಗೆ ತಾ. ಸಲಿಕೆ, ಎರಡು ಹಲಗೆ, ಗಾಳಿ ತುಂಬುವ ಪಂಪು ಗಾಡಿಯಲ್ಲಿರಲಿ.

ಕಡೆಗೆ ಕಾಗದ. ಬಸ್ಸಿನ ಚಾಸಿ ಮೇಲೆ ಕಟ್ಟಿದ ಕ್ಯಾರವಾನ್ ತುಂಬಿದ ತೂಕದಲ್ಲಿ 7,500 ಕಿಲೋ ಮುಟ್ಟುತ್ತದೆಯೇ ನೋಡು. ಅದಕ್ಕಿಂತ ಕಡಿಮೆ ಇದ್ದರೆ ನಿನ್ನ ಲಘು ವಾಹನದ ಲೈಸೆನ್ಸು ಸಾಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ; ಮೀರಿದರೆ ಆ ತೂಕದ ವರ್ಗಕ್ಕೆ ತಕ್ಕ ಲೈಸೆನ್ಸಿನ ಚಾಲಕ ಬೇಕು. ನಂಬರ್ ಪ್ಲೇಟು ಕಪ್ಪು ಹಲಗೆಗೆ ಹಳದಿ ಅಕ್ಷರದ್ದಾದರೆ ಸ್ವಂತ ಚಾಲನೆಯ ಬಾಡಿಗೆಗೆ ನೋಂದಾಯಿಸಿದ ಗಾಡಿ. ಬಿಳಿ ಪ್ಲೇಟಿನ ಖಾಸಗಿ ಗಾಡಿಯನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಕೈ ಮುಗಿದು ಎದ್ದು ಬಾ. ಅಪಘಾತವಾದರೆ ವಿಮೆಯವರು ಹಣ ಕೊಡದಿರಲು ಅದೊಂದೇ ನೆಪ ಸಾಕು. ಮುಂಗಡ ಕೊಡುವ ಮುಂಚೆ ಆರ್.ಸಿ., ವಿಮೆ ಎರಡರ ಫೋಟೋ ತೆಗೆದು ನನಗೆ ಕಳಿಸು, ಟೈರುಗಳ ಅಂಕಿಯದೂ, ಸ್ಟೆಪ್ನಿ ಸೇರಿಸಿ.