ದೂರದ ಓಟ, ಬಾಳೆಹಣ್ಣಿನ ಕೇಕು

ಅಕ್ಕ ತಂಗಿಯರೇ, ನೀರು ತರಲು ನಾವು ಎಷ್ಟು ದೂರ ನಡೆಯುತ್ತೇವೆ? ಹೊಲಕ್ಕೆ ಬುತ್ತಿ ಹೊತ್ತು ಎಷ್ಟು ದೂರ? ಬಸ್ಸು ತಪ್ಪಿದ ದಿನ ಎಷ್ಟು ದೂರ? ಎಲ್ಲ ಕೂಡಿಸಿ ನೋಡಿ. ನಮ್ಮ ಕಾಲಿಗೆ ದೂರ ಎಂಬುದು ಹೊಸದಲ್ಲ. ಆದರೆ ಆ ನಡಿಗೆಯೆಲ್ಲ ಮನೆಗಾಗಿ. ನಮಗಾಗಿ ಅಂತ ನಾವು ಕೊನೆಯ ಸಲ ಓಡಿದ್ದು ಯಾವಾಗ? ಚಿಕ್ಕವರಿದ್ದಾಗ ಮುಟ್ಟಾಟ ಆಡುತ್ತಾ ಓಡಿದ್ದೇ ಕೊನೆ ಇರಬೇಕು.

ಈ ಪಾಠದಲ್ಲಿ ಎರಡು ವಿಷಯ ಇವೆ. ಒಂದು, ಮ್ಯಾರಥಾನ್ ಎಂಬ ದೂರದ ಓಟ. ಮೊದಲ ಸಲ ಓಡುವವರು ಅದಕ್ಕೆ ಹೇಗೆ ತಯಾರಾಗಬೇಕು? ಇನ್ನೊಂದು, ಓಡಿ ಬಂದವಳು ತಿನ್ನಲು ಮನೆಯಲ್ಲೇ ಮಾಡುವ ಬಾಳೆಹಣ್ಣಿನ ಕೇಕು. ಓಟಕ್ಕೂ ಕೇಕಿಗೂ ಏನು ಸಂಬಂಧ ಅಂತೀರಾ? ಇದೆ. ಮುಂದೆ ಓದೋಣ.

ಮ್ಯಾರಥಾನ್ ಎಂದರೇನು?

ಮ್ಯಾರಥಾನ್ ಎಂಬುದು ಗ್ರೀಸ್ ದೇಶದ ಒಂದು ಊರಿನ ಹೆಸರು. ಬಹಳ ಹಿಂದೆ ಅಲ್ಲಿ ಒಂದು ಯುದ್ಧ ನಡೆಯಿತು. ಗೆದ್ದ ಸುದ್ದಿ ಹೇಳಲು ಒಬ್ಬ ಆಳು ಅಲ್ಲಿಂದ ಅಥೆನ್ಸ್ ಪಟ್ಟಣದವರೆಗೆ ಓಡಿದ ಎಂದು ಕಥೆ ಇದೆ. ಆ ಕಥೆಯಿಂದಲೇ ಈ ಓಟಕ್ಕೆ ಆ ಹೆಸರು ಬಂತು. ಈಗ ಮ್ಯಾರಥಾನ್ ಓಟದ ದೂರ 42 ಕಿಲೋಮೀಟರ್ 195 ಮೀಟರ್. ಮೈಸೂರಿನಿಂದ ಹೊರಟರೆ ಮಂಡ್ಯ ಇನ್ನೇನು ಬಂತು ಅನ್ನುವಷ್ಟು ದೂರ.

1896ರಲ್ಲಿ ಅಥೆನ್ಸಿನಲ್ಲಿ ಒಲಿಂಪಿಕ್ ಆಟಗಳು ನಡೆದವು. ಆಗ ಮೊದಲ ಸಲ ಈ ಓಟ ಇಟ್ಟರು. ಗೆದ್ದವನು ಸ್ಪಿರಿಡಾನ್ ಲೂಯಿ. ಅವನ ಕಸುಬು ಏನು ಗೊತ್ತೆ? ನೀರು ಸಾಗಿಸುವುದು! ಅವನಿಗೆ ಇಡೀ ದೇಶವೇ ಚಪ್ಪಾಳೆ ತಟ್ಟಿತು. ನೀರು ಹೊರುವ ನಮಗೆ ಈ ಸಂಗತಿ ಓದಿ ಖುಷಿಯಾಗುತ್ತದೆ ಅಲ್ಲವೇ? ಆದರೆ ಆ ಓಟದಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ.

ಕಾಗದ ಬರೆಸಿಕೊಂಡವಳು

ಅದೇ ವರ್ಷ, ಅದೇ ದೇಶದಲ್ಲಿ ಸ್ಟಮಾಟಾ ರೆವಿತಿ ಎಂಬ ಹೆಂಗಸು ಇದ್ದಳು. ಬಡವಿ. ಕೈಯಲ್ಲಿ ಪುಟ್ಟ ಮಗು. ನಾನೂ ಓಡುತ್ತೇನೆ ಎಂದು ಕೇಳಿದಳು. ಆಗುವುದಿಲ್ಲ ಎಂದರು. ಗಂಡಸರ ಓಟ ಮುಗಿಯಿತು. ಮಾರನೆಯ ದಿನ ಬೆಳಿಗ್ಗೆ ಆಕೆ ಒಬ್ಬಳೇ ಮ್ಯಾರಥಾನ್ ಊರಿನಿಂದ ಹೊರಟಳು.

ಹೊರಡುವ ಮುಂಚೆ ಆಕೆ ಒಂದು ಕೆಲಸ ಮಾಡಿದಳು. ಊರಿನ ಮೇಷ್ಟ್ರು ಮತ್ತು ಊರಿನ ಮುಖ್ಯಸ್ಥರಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಳು. ತಾನು ಇಷ್ಟು ಗಂಟೆಗೆ ಇಲ್ಲಿಂದ ಹೊರಟೆ ಎಂಬುದಕ್ಕೆ ಅದು ಸಾಕ್ಷಿ. ಸುಮಾರು ಐದೂವರೆ ಗಂಟೆ ಓಡಿ ಅಥೆನ್ಸ್ ಮುಟ್ಟಿದಳು. ಅಲ್ಲಿ ಸಿಕ್ಕ ಸೈನ್ಯದ ಅಧಿಕಾರಿಗಳ ಹತ್ತಿರವೂ ಸಹಿ ಕೇಳಿದಳು. ಇಷ್ಟು ಗಂಟೆಗೆ ಬಂದು ಮುಟ್ಟಿದೆ ಎಂಬುದಕ್ಕೆ. ಆಟದ ಮೈದಾನದ ಒಳಗೆ ಮಾತ್ರ ಆಕೆಯನ್ನು ಬಿಡಲಿಲ್ಲ.

ಹೆಂಗಸು ಇಷ್ಟು ದೂರ ಓಡಿದಳು ಅಂದರೆ ಯಾರು ನಂಬ್ತಾರೆ? ಬರೀ ಬಾಯಿ ಮಾತು ನಡೆಯುವುದಿಲ್ಲ, ಕಾಗದ ಬೇಕು. ಅದು ಆಕೆಗೆ ಗೊತ್ತಿತ್ತು. ಸಹಿಯ ಬೆಲೆ ನಮಗೂ ಗೊತ್ತು. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಇದು. ಆಕೆಯ ಆ ಕಾಗದ ಈಗ ಉಳಿದಿಲ್ಲ. ಹೆಸರು ಉಳಿದಿದೆ.

ಆಮೇಲೂ ಬಹಳ ಕಾಲ ಹೆಂಗಸರಿಗೆ ಈ ಓಟದ ಬಾಗಿಲು ಮುಚ್ಚಿಯೇ ಇತ್ತು. ಹೆಣ್ಣಿನ ದೇಹಕ್ಕೆ ಅಷ್ಟು ದೂರ ತಡೆಯದು ಎಂದು ದೊಡ್ಡವರು ಹೇಳುತ್ತಿದ್ದರು. ಹೊರೆ ಸೌದೆ ಹೊತ್ತು ಗುಡ್ಡ ಇಳಿಯುವಾಗ ಈ ಮಾತು ಯಾರೂ ಆಡುವುದಿಲ್ಲ ನೋಡಿ! 1966ರಲ್ಲಿ ಅಮೆರಿಕದ ಬೋಸ್ಟನ್ ಪಟ್ಟಣದ ಓಟದಲ್ಲಿ ಬಾಬಿ ಗಿಬ್ ಎಂಬಾಕೆ ಪೊದೆಯಲ್ಲಿ ಅಡಗಿ ಕುಳಿತು, ಓಟ ಶುರುವಾದ ಮೇಲೆ ಗಂಡಸರ ಜೊತೆ ಸೇರಿ ಓಡಿದಳು. ಮರುವರ್ಷ ಕ್ಯಾಥರಿನ್ ಸ್ವಿಟ್ಜರ್ ಅರ್ಜಿಯಲ್ಲಿ ಕೆ. ವಿ. ಸ್ವಿಟ್ಜರ್ ಎಂದಷ್ಟೇ ಹೆಸರು ಬರೆದಳು. ಹೆಣ್ಣೋ ಗಂಡೋ ಅದರಿಂದ ಗೊತ್ತಾಗಲಿಲ್ಲ. 261 ಎಂಬ ನಂಬರು ಕೊಟ್ಟರು. ದಾರಿಯಲ್ಲಿ ಓಟದ ಅಧಿಕಾರಿಯೊಬ್ಬ ಆಕೆಯ ಮೇಲೆ ಬಿದ್ದು ನಂಬರು ಕಿತ್ತುಕೊಳ್ಳಲು ನೋಡಿದ. ಆಕೆ ನಿಲ್ಲಲಿಲ್ಲ. ಓಟ ಮುಗಿಸಿದಳು. 1972ರಲ್ಲಿ ಬೋಸ್ಟನ್ನಿನಲ್ಲಿ ಹೆಂಗಸರಿಗೆ ಅವಕಾಶ ಸಿಕ್ಕಿತು. ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ಶುರುವಾದದ್ದು 1984ರಲ್ಲಿ.

ನಮ್ಮ ದೇಶದವರೂ ಇದ್ದಾರೆ. ಕೇರಳದ ವಯನಾಡಿನ ಓ. ಪಿ. ಜೈಶಾ 2015ರಲ್ಲಿ ಚೀನಾದ ಬೀಜಿಂಗಿನಲ್ಲಿ ಈ ದೂರವನ್ನು 2 ಗಂಟೆ 34 ನಿಮಿಷ 43 ಸೆಕೆಂಡಿನಲ್ಲಿ ಓಡಿದರು. ನಮಗೆ ಅಷ್ಟು ವೇಗ ಬೇಕಿಲ್ಲ. ಮೊದಲ ಸಲ ಓಡುವವರಿಗೆ 5 ಗಂಟೆ, 6 ಗಂಟೆ ಆದರೂ ಓಟ ಓಟವೇ.

ಶುರು ಮಾಡುವುದು ಹೇಗೆ?

ಮೊದಲು ರಕ್ತ ಪರೀಕ್ಷೆ ಮಾಡಿಸಿ. ಇದನ್ನು ತಳ್ಳಿಹಾಕಬೇಡಿ. 2019ರಿಂದ 2021ರವರೆಗೆ ಸರ್ಕಾರ ನಡೆಸಿದ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಮೆಟ್ಟಿಲು ಹತ್ತಿದರೇ ಏದುಸಿರು ಬರುವವಳು ಓಡುವುದೆಲ್ಲಿ ಬಂತು? ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅವರು ಕೊಟ್ಟ ಕಬ್ಬಿಣದ ಮಾತ್ರೆ ನುಂಗಿ. ಸೊಪ್ಪು, ಕಾಳು, ನಿಂಬೆರಸ ಊಟದಲ್ಲಿರಲಿ. ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ಬಸಿರಿಯರು, ಬಾಣಂತಿಯರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು.

ಆಮೇಲೆ ನಡಿಗೆ. ವಾರಕ್ಕೆ 4 ದಿನ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಎರಡು ವಾರ ಕಳೆಯಲಿ. ಮುಂದೆ 2 ನಿಮಿಷ ನಡಿಗೆ, 1 ನಿಮಿಷ ಓಟ. ಹೀಗೆಯೇ ಅರ್ಧ ಗಂಟೆ. ವಾರ ವಾರಕ್ಕೆ ಓಟ ಸ್ವಲ್ಪ ಹೆಚ್ಚಲಿ, ನಡಿಗೆ ಸ್ವಲ್ಪ ಇಳಿಯಲಿ. ಎಷ್ಟು ಜೋರಾಗಿ ಓಡಬೇಕು? ಅದಕ್ಕೆ ಗಡಿಯಾರ ಬೇಡ. ಪಕ್ಕದವಳ ಜೊತೆ ಮಾತಾಡಲು ಆಗುತ್ತಿರಬೇಕು. ಮಾತು ಕಡಿದು ಹೋಗುತ್ತಿದ್ದರೆ ಜೋರಾಯಿತು ಎಂದು ಅರ್ಥ. ನಿಧಾನ ಮಾಡಿ. ಮಾತಾಡುವ ಅಭ್ಯಾಸ ನಮಗೆ ಯಾರೂ ಕಲಿಸಬೇಕಾಗಿಲ್ಲ.

ನಿಲ್ಲದೆ 5 ಕಿಲೋಮೀಟರ್ ಓಡುವಂತಾದ ಮೇಲೆ ವಾರಕ್ಕೊಂದು ದಿನ ದೂರದ ಓಟ ಇಟ್ಟುಕೊಳ್ಳಿ. ಭಾನುವಾರವೋ, ಕೂಲಿ ಇಲ್ಲದ ದಿನವೋ. ಈ ವಾರ 6 ಕಿಲೋಮೀಟರ್ ಆದರೆ ಬರುವ ವಾರ 7. ಮೂರು ವಾರ ಏರಿಸಿ, ನಾಲ್ಕನೆಯ ವಾರ ಇಳಿಸಿ. ಯಾಕೆ ಗೊತ್ತೆ? ಉಸಿರು ಬೇಗ ಪಳಗುತ್ತದೆ. ಮೂಳೆ, ಕೀಲು ನಿಧಾನ. ಅವು ಗಟ್ಟಿಯಾಗಲು ತಿಂಗಳುಗಳು ಬೇಕು. ಅವಸರ ಮಾಡಿದವರ ಮಂಡಿ, ಮೊಣಕಾಲಿನ ಮುಂದಿನ ಮೂಳೆ ನೋಯುತ್ತದೆ. ನೋವಿನ ಮೇಲೆ ಓಡಬಾರದು.

ಮೊದಲು 10 ಕಿಲೋಮೀಟರ್ ಓಟ, ಆಮೇಲೆ 21, ಆಮೇಲೆ ಮ್ಯಾರಥಾನ್. ನಡಿಗೆಯಿಂದ ಶುರು ಮಾಡಿದವರಿಗೆ ಸುಮಾರು ಒಂದು ವರ್ಷ ಹಿಡಿಯುತ್ತದೆ. ಅಭ್ಯಾಸದಲ್ಲಿ 42 ಕಿಲೋಮೀಟರ್ ಓಡಬೇಕಾಗಿಲ್ಲ. ಸ್ಪರ್ಧೆಗೆ ಮೂರು ವಾರ ಮುಂಚೆ ಒಮ್ಮೆ 30 ಕಿಲೋಮೀಟರ್ ಓಡಿದರೆ ಸಾಕು. ಅಲ್ಲಿಂದ ಮುಂದೆ ಓಟ ಇಳಿಸುತ್ತಾ ಬರಬೇಕು, ದೇಹ ಸುಧಾರಿಸಿಕೊಳ್ಳಲಿ. ಬೆಂಗಳೂರಿನಲ್ಲಿ 2008ರಿಂದ 10 ಕಿಲೋಮೀಟರಿನ ದೊಡ್ಡ ಓಟ ನಡೆಯುತ್ತಿದೆ. ಮುಂಬಯಿಯ ಮ್ಯಾರಥಾನ್ 2004ರಲ್ಲಿ ಶುರುವಾಯಿತು.

ಎಲ್ಲಿ ಓಡುವುದು? ಕೆರೆ ಏರಿ, ಶಾಲೆಯ ಮೈದಾನ, ಹೊಲದ ಬಂಡಿ ದಾರಿ. ಮಣ್ಣಿನ ದಾರಿ ಡಾಂಬರಿಗಿಂತ ಕಾಲಿಗೆ ಹಿತ. ನಸುಕಿನಲ್ಲಿ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಸೇರಿ. ಚೂಡಿದಾರ್ ಆದರೆ ಸಲೀಸು. ಬೇರೆ ಏನಿಲ್ಲದಿದ್ದರೂ ಕಾಲಿಗೆ ಸರಿಹೊಂದುವ ಬೂಟು ಬೇಕು. ದುಡ್ಡು ಹಾಕುವುದಾದರೆ ಅದಕ್ಕೆ ಹಾಕಿ. ಇನ್ನು ಜನ ಏನಂತಾರೆ ಅನ್ನುವ ಪ್ರಶ್ನೆ. ಏನಾದರೂ ಅಂದೇ ಅಂತಾರೆ.

"ಯಾರು ಅಟ್ಟಿಸಿಕೊಂಡು ಬಂದರು ಅಂತ ಹಿಂಗೆ ಓಡ್ತೀಯೇ?" ಎಂದು ಅತ್ತೆ ಕೇಳಿದರು.

"ಯಾರೂ ಇಲ್ಲ ಅತ್ತೆ. ಅದಕ್ಕೇ ಓಡ್ತಿದ್ದೀನಿ" ಎಂದಳು ಸೊಸೆ.

ಒಂದು ನೋಟ್‌ಬುಕ್ ಇಡಿ. ತಾರೀಕು, ದೂರ, ಎಷ್ಟು ಹೊತ್ತು, ಮೈ ಹೇಗಿತ್ತು, ಇಷ್ಟು ಬರೆಯಿರಿ. ಮೂರು ತಿಂಗಳ ನಂತರ ಮೊದಲ ಹಾಳೆ ತಿರುವಿ ನೋಡಿದರೆ ನಿಮಗೇ ನಗು ಬರುತ್ತದೆ.

ಓಡುವವಳು ಏನು ತಿನ್ನಬೇಕು?

ಒಂದು ಸರಳ ಲೆಕ್ಕ ಇದೆ. 50 ಕಿಲೋ ತೂಕದವಳು 1 ಕಿಲೋಮೀಟರ್ ಓಡಿದರೆ ಸುಮಾರು 50 ಕ್ಯಾಲೊರಿ ಶಕ್ತಿ ಖರ್ಚಾಗುತ್ತದೆ. 42 ಕಿಲೋಮೀಟರಿಗೆ ಸುಮಾರು 2100. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 100 ಕ್ಯಾಲೊರಿ. ಅಂದರೆ 21 ಹಣ್ಣು! ಗಾಬರಿ ಬೇಡ, ಒಂದೇ ಸಲಕ್ಕೆ ತಿನ್ನಬೇಕಾಗಿಲ್ಲ. ಅನ್ನ, ಮುದ್ದೆ, ರೊಟ್ಟಿಯಿಂದ ಬಂದ ಸಕ್ಕರೆಯ ಅಂಶವನ್ನು ದೇಹ ಮಾಂಸಖಂಡದಲ್ಲಿ, ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಕೂಡಿಟ್ಟಿರುತ್ತದೆ. ಕಣಜ ಇದ್ದ ಹಾಗೆ. ಬಹಳ ಮಂದಿಗೆ 30 ಕಿಲೋಮೀಟರ್ ಹೊತ್ತಿಗೆ ಆ ಕಣಜ ಬರಿದಾಗುತ್ತಾ ಬರುತ್ತದೆ. ಕಾಲು ಸೀಸದಷ್ಟು ಭಾರ ಅನ್ನಿಸುತ್ತದೆ. ಆದ್ದರಿಂದ ದೂರದ ಓಟದ ನಡುವೆಯೂ ಚೂರು ಚೂರು ತಿನ್ನಬೇಕು. ನೀರಡಿಕೆಯಾದಾಗ ಉಪ್ಪು, ಸಕ್ಕರೆ ಹಾಕಿದ ನೀರು ಕುಡಿಯಬೇಕು. ಒಂದೇ ಸಮ ಬರೀ ನೀರು ಕುಡಿಯುವುದೂ ಒಳ್ಳೆಯದಲ್ಲ.

ನಮ್ಮ ಮನೆಗಳಲ್ಲಿ ಎಲ್ಲರದೂ ಆದ ಮೇಲೆ ಉಳಿದದ್ದು ಹೆಂಗಸಿಗೆ. ಓಡುವವಳಿಗೆ ಇದು ನಡೆಯುವುದಿಲ್ಲ. ಉಳಿದದ್ದು ತಿಂದು 20 ಕಿಲೋಮೀಟರ್ ಓಡಿದರೆ ಮೈ ಕರಗುತ್ತದೆ, ಮುಟ್ಟು ಏರುಪೇರಾಗುತ್ತದೆ. ಹೊಟ್ಟೆಗೆ ಹಾಕಲು ಮನಸ್ಸಿಲ್ಲದಿದ್ದರೆ ಓಟ ಬಿಡುವುದೇ ಮೇಲು ಎಂದು ನಾವು ಹೇಳುತ್ತೇವೆ. ಸಿಹಿಯೂ ಬೇಕು. ಬಾಯಿಗೆ ರುಚಿ, ಕಾಲಿಗೆ ಕಸುವು.

ಮರಳಿನ ಮೇಲೆ ಬೇಯುವ ಕೇಕು

ಕೇಕು ಅಂದರೆ ಬೇಕರಿಯದು ಅಂದುಕೊಂಡಿದ್ದೇವೆ. ಆದರೆ ಕರಾವಳಿಯ ಮನೆಗಳಲ್ಲಿ ಬಾಳೆ ಎಲೆಯಲ್ಲಿ ಹಿಟ್ಟು ಹೊಯ್ದು, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಸಿಹಿ ಬೇಯಿಸುವ ಪದ್ಧತಿ ಹಿಂದಿನಿಂದ ಇದೆ. ಅದೂ ಇದೂ ಒಂದೇ ತತ್ವ. ನೀರಿಲ್ಲದೆ, ಸುತ್ತಲಿನ ಬಿಸಿಯಿಂದ ಬೇಯುವುದು.

ಸಿಪ್ಪೆ ಕಪ್ಪಾಗಿ, ಯಾರೂ ಮುಟ್ಟದ ಬಾಳೆಹಣ್ಣು ಇರುತ್ತದಲ್ಲ, ಅದೇ ಇದಕ್ಕೆ ಶ್ರೇಷ್ಠ. ಹಣ್ಣಾದಷ್ಟೂ ಸಿಹಿ ಹೆಚ್ಚು. ಪಚ್ಚಬಾಳೆ ಆದರೆ 3, ಏಲಕ್ಕಿ ಬಾಳೆ ಆದರೆ 6. ಚೆನ್ನಾಗಿ ಕಿವುಚಿ. ಅದಕ್ಕೆ ಮುಕ್ಕಾಲು ಲೋಟ ಬೆಲ್ಲದ ಪುಡಿ, ಕಾಲು ಲೋಟ ಮೊಸರು, ಕಾಲು ಲೋಟಕ್ಕಿಂತ ತುಸು ಹೆಚ್ಚು ಎಣ್ಣೆ ಹಾಕಿ ಕಲಸಿ. ಬೇರೆ ಪಾತ್ರೆಯಲ್ಲಿ ಒಂದೂವರೆ ಲೋಟ ಗೋಧಿಹಿಟ್ಟು, ಸಣ್ಣ ಚಮಚದಲ್ಲಿ ಮುಕ್ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ ಬೆರೆಸಿ. ಬೇಕಾದರೆ ಅರ್ಧ ಲೋಟ ಗೋಧಿಯ ಬದಲು ರಾಗಿಹಿಟ್ಟು ಹಾಕಬಹುದು, ರುಚಿ ಏನೂ ಕೆಡುವುದಿಲ್ಲ. ಎರಡನ್ನೂ ಸೇರಿಸಿ. ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ. ಬಹಳ ಹೊತ್ತು ತಿರುವಬೇಡಿ, ಕೇಕು ಜಿಗುಟಾಗುತ್ತದೆ. ಕಲಸಿ ಇಟ್ಟು ಮರೆಯಲೂ ಬೇಡಿ. ಮೊಸರಿನ ಹುಳಿ ಸೋಡಾಕ್ಕೆ ತಾಗಿ ಗಾಳಿಗುಳ್ಳೆ ಏಳುತ್ತದೆ. ಆ ಗುಳ್ಳೆಯೇ ಕೇಕನ್ನು ಉಬ್ಬಿಸುವುದು. ತಡಮಾಡಿದರೆ ಗುಳ್ಳೆ ಒಡೆದು ಹೋಗುತ್ತದೆ.

ಆದ್ದರಿಂದ ಒಲೆಯನ್ನು ಮೊದಲೇ ಸಿದ್ಧ ಮಾಡಿಕೊಳ್ಳಬೇಕು. ಹಳೆಯ ದಪ್ಪ ತಳದ ಪಾತ್ರೆಗೆ ಎರಡು ಬೆರಳು ದಪ್ಪ ಮರಳು ಹಾಕಿ. ತೊಳೆದು ಒಣಗಿಸಿದ ಮರಳು. ಅದರ ಮೇಲೆ ಒಂದು ಚಿಕ್ಕ ತಟ್ಟೆ ಮಗುಚಿ ಇಡಿ. ಮುಚ್ಚಿ 10 ನಿಮಿಷ ಕಾಯಿಸಿ. ಎಣ್ಣೆ ಸವರಿದ ಡಬ್ಬಿಯಲ್ಲಿ ಹಿಟ್ಟನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿ ಒಳಗಿಡಿ. ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ. ಪದೇ ಪದೇ ಮುಚ್ಚಳ ತೆಗೆದು ಇಣುಕಬೇಡಿ. ಕಡ್ಡಿ ಚುಚ್ಚಿ ನೋಡಿ, ಹಿಟ್ಟು ಅಂಟದಿದ್ದರೆ ಬೆಂದಿದೆ. ಕುಕ್ಕರಿನಲ್ಲಿ ಮಾಡುವವರು ಒಳಗಿನ ರಬ್ಬರ್ ಉಂಗುರ, ಮೇಲಿನ ಸೀಟಿ ಎರಡನ್ನೂ ಕಡ್ಡಾಯವಾಗಿ ತೆಗೆದಿಡಬೇಕು. ನೀರು ಹಾಕಬಾರದು.

ಮಾವು, ಹಲಸಿನ ಕಾಲದಲ್ಲಿ ಬಾಳೆಹಣ್ಣಿನ ಬದಲು ಆ ಹಣ್ಣಿನ ತಿರುಳು ಹಾಕಬಹುದು. ಬೆಲ್ಲ ಕಡಿಮೆ ಮಾಡಿ. ಬೆಲ್ಲವೂ ಸಕ್ಕರೆಯ ಜಾತಿಯೇ, ಸಕ್ಕರೆ ಕಾಯಿಲೆಯವರಿಗೆ ಈ ಕೇಕು ಆಗದು.

ಓಡುವ ಮುಂಚೆ ಕೇಕು ತಿನ್ನಬೇಡಿ, ಹೊಟ್ಟೆ ಭಾರ. ಓಡಿ ಬಂದು ಅರ್ಧ ಗಂಟೆಯೊಳಗೆ ಒಂದು ದಪ್ಪ ತುಂಡು, ಜೊತೆಗೆ ಹಾಲು ಅಥವಾ ಒಂದು ಹಿಡಿ ಕಡಲೆಕಾಯಿ ಬೀಜ. ಶನಿವಾರ ಸಂಜೆ ಕೇಕು ಮಾಡಿಟ್ಟರೆ ಭಾನುವಾರದ ಓಟದ ಕೊನೆಯ ಎರಡು ಕಿಲೋಮೀಟರ್ ತಾನಾಗಿ ಸಾಗುತ್ತದೆ. ಒಂದೇ ಎಚ್ಚರ. ನಿಮ್ಮ ತುಂಡನ್ನು ಮೊದಲೇ ಕತ್ತರಿಸಿ ತೆಗೆದಿಡಿ. ಮನೆಗೆ ಬರುವಷ್ಟರಲ್ಲಿ ಡಬ್ಬಿ ಖಾಲಿಯಾಗಿರುತ್ತದೆ.

ಅಭ್ಯಾಸ

1. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸಿಗೆ ಬಂದದ್ದು 1984ರಲ್ಲಿ. ರೆವಿತಿ ಓಡಿದ್ದು 1896ರಲ್ಲಿ. ನಡುವೆ ಎಷ್ಟು ವರ್ಷ?

2. ನಿಮ್ಮ ತೂಕ ಎಷ್ಟು? ನೀವು 5 ಕಿಲೋಮೀಟರ್ ಓಡಿದರೆ ಎಷ್ಟು ಕ್ಯಾಲೊರಿ ಖರ್ಚು? ಎಷ್ಟು ಬಾಳೆಹಣ್ಣಿಗೆ ಸಮ?

3. ನಾಳೆ ಬೆಳಿಗ್ಗೆ ನಡೆಯಲು ಹೊರಡುವ ಮುಂಚೆ ಇದನ್ನು ತುಂಬಿ. ಜೊತೆಗೆ ಬಂದವರಿಂದ ಸಹಿ ಹಾಕಿಸಿ.

ನನ್ನ ಹೆಸರು ____________

ಹೊರಟ ಊರು ____________ ಹೊರಟ ಗಂಟೆ ________

ಮುಟ್ಟಿದ ಜಾಗ ____________ ಮುಟ್ಟಿದ ಗಂಟೆ ________

ನೋಡಿದವರ ಸಹಿ ____________