ಬಲವೂ ಚೆಲುವೂ

ಭಾರ ಎತ್ತಿದರೆ ಹೆಣ್ಣಿನ ಮೈ ಗಂಡಿನಂತೆ ಉಬ್ಬುವುದೆಂಬ ಭಯವೂ, ಊಟ ಬಿಟ್ಟರೆ ಅಂದವಾಗಿ ತೆಳ್ಳಗಾಗಬಹುದೆಂಬ ಭ್ರಮೆಯೂ ಹಲವರಲ್ಲಿವೆ. ಮಣಿಪುರದ ಮೀರಾಬಾಯಿ ಚಾನು ಅವರನ್ನು ನೋಡಿರಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕ್ರೀಡಾಕೂಟದ 49 ಕಿಲೋಗ್ರಾಂ ವಿಭಾಗದಲ್ಲಿ ಅವರು ಬೆಳ್ಳಿಯ ಪದಕ ಗಳಿಸಿದರು. ಅಂದು ಅವರು ತಲೆಯ ಮೇಲೆತ್ತಿ ಹಿಡಿದ ಅತಿ ಹೆಚ್ಚಿನ ಭಾರ 115 ಕಿಲೋಗ್ರಾಂ. ತಮ್ಮ ಮೈತೂಕದ ಎರಡು ಪಟ್ಟಿಗೂ ಮಿಗಿಲು!

ಸ್ತ್ರೀಯರಲ್ಲಿ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ಅಲ್ಪವಾಗಿರುವುದರಿಂದ ವ್ಯಾಯಾಮದಿಂದ ಸ್ನಾಯುಗಳು ಗಟ್ಟಿಯಾಗುತ್ತವೆಯೇ ಹೊರತು ಪುರುಷರಲ್ಲಿನಷ್ಟು ಉಬ್ಬುವುದಿಲ್ಲ. ಉಪವಾಸದಿಂದಲಾದರೋ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಆದುದರಿಂದ ಮೈ ಹಗುರವಾಗಿಯೂ ದೃಢವಾಗಿಯೂ ಇರಬೇಕಾದರೆ ಭಾರವನ್ನು ಕ್ರಮಕ್ರಮವಾಗಿ ಹೆಚ್ಚಿಸುತ್ತ ಅಭ್ಯಾಸ ಮಾಡಬೇಕು. ಬೇಳೆಕಾಳು, ಹಾಲು, ಮೊಟ್ಟೆಗಳಿಂದ ಸಸಾರಜನಕವನ್ನೂ ಸೊಪ್ಪುಗಳಿಂದ ಕಬ್ಬಿಣದ ಅಂಶವನ್ನೂ ಪಡೆಯಬೇಕು. ದುಡಿಮೆಗೆ ತಕ್ಕ ಊಟವೇ ಒಳ್ಳೆಯ ಮೈಕಟ್ಟಿನ ಗುಟ್ಟು.